ದಿನಾಂಕ ಕಳೆದುಕೊಂಡ ಸುದ್ದಿಗಳು

ಸಂಪಾದಕರಿಗೆ,

ಮಾನ್ಯರೇ,

ನಾನು ಉಡುಪಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಹತ್ತನೇ ತರಗತಿಗೆ ಹೋದರೆ ಅರ್ಧಕ್ಕರ್ಧ ಬೆಂಚುಗಳು ಖಾಲಿ ಇದ್ದವು. ಹಿಂದಿನ ರಾತ್ರಿ ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಪತ್ರಿಕೆಯೊಂದರ ತುಣುಕು ಹರಿದಾಡಿತ್ತು: ಭಾರೀ ಮಳೆಯ ಮುನ್ಸೂಚನೆ ಇರುವುದರಿಂದ ಜಿಲ್ಲೆಯ ಶಾಲೆಗಳಿಗೆ ಗುರುವಾರ ರಜೆ ಎಂದು. ಆ ತುಣುಕನ್ನು ಯಾರೂ ಸೃಷ್ಟಿಸಿದ್ದಲ್ಲ. ಅಚ್ಚಾಗಿದ್ದ ಸುದ್ದಿಯೇ, ಆದೇಶವೂ ನಿಜವೇ. ಆದರೆ ಆ ಗುರುವಾರ ಬಂದು ಹೋಗಿ ಎರಡು ವರ್ಷವಾಗಿತ್ತು. ಈ ಸಲವೂ ಮರುದಿನ ಗುರುವಾರವೇ ಆಗಿದ್ದರಿಂದ ಮತ್ತು ಹೊರಗೆ ಮಳೆಯೂ ಹೊಡೆಯುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮಕ್ಕಳಿಗಂತೂ ಅನುಮಾನಪಡುವ ಇಚ್ಛೆಯೇ ಇರಲಿಲ್ಲವೆನ್ನಿ.

ಸುಳ್ಳು ಸುದ್ದಿಯ ಬಗ್ಗೆ ನಾವು ಮಾತನಾಡುವಾಗ, ಎಲ್ಲೋ ಕುಳಿತ ಕಿಡಿಗೇಡಿಯೊಬ್ಬ ಅದನ್ನು ಕಟ್ಟಿ ಹರಿಬಿಡುತ್ತಾನೆ ಎಂದೇ ಭಾವಿಸುತ್ತೇವೆ. ಅಂಥವರು ಇಲ್ಲವೆಂದಲ್ಲ. ಆದರೆ ನನ್ನ ಮೊಬೈಲಿಗೆ ಬಂದು ಬೀಳುವ ವಿಜ್ಞಾನದ ಸಂದೇಶಗಳನ್ನು ನಾಲ್ಕಾರು ವರ್ಷಗಳಿಂದ ಗಮನಿಸುತ್ತ ಬಂದ ನನಗೆ, ಅವುಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಸತ್ಯವೇ ಆಗಿದ್ದವು, ಕೈಯಿಂದ ಕೈಗೆ ದಾಟುವಾಗ ದಿನಾಂಕವನ್ನೋ, ಅರ್ಧ ವಾಕ್ಯವನ್ನೋ, ರಚಿಸಿದವರ ಹೆಸರನ್ನೋ ಕಳೆದುಕೊಂಡು ಸುಳ್ಳಾದವು ಎಂಬುದು ಮನದಟ್ಟಾಗಿದೆ.

ಆಗಸ್ಟ್ ತಿಂಗಳು ಬಂತೆಂದರೆ ತಪ್ಪದೆ ಬರುವ ಮಂಗಳ ಗ್ರಹದ ಸಂದೇಶವನ್ನೇ ನೋಡಿ. ಈ ತಿಂಗಳ 27ರಂದು ಆಕಾಶದಲ್ಲಿ ಎರಡು ಚಂದ್ರರು ಕಾಣುತ್ತಾರೆ, ಮಂಗಳನು ಹುಣ್ಣಿಮೆ ಚಂದ್ರನಷ್ಟೇ ದೊಡ್ಡದಾಗಿ ತೋರುತ್ತಾನೆ ಎಂಬುದು ಅದರ ಸಾರ. ಇದರ ಮೂಲ 2003ರ ಇಮೇಲ್. ಆ ವರ್ಷದ ಆಗಸ್ಟ್ 27ರಂದು ಮಂಗಳನು ಸುಮಾರು 60 ಸಾವಿರ ವರ್ಷಗಳಲ್ಲೇ ಭೂಮಿಗೆ ಅತಿ ಸಮೀಪ, ಅಂದರೆ ಸುಮಾರು 5.58 ಕೋಟಿ ಕಿಲೋಮೀಟರ್ ದೂರಕ್ಕೆ ಬಂದಿದ್ದ. 75 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ನೋಡಿದರೆ ಮಂಗಳನು ಬರಿಗಣ್ಣಿಗೆ ಕಾಣುವ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತಾನೆ ಎಂಬ ಸರಿಯಾದ ಮಾತೇ ಆ ಇಮೇಲಿನಲ್ಲಿತ್ತು. ಆದರೆ ವಾಕ್ಯ ಎರಡು ಸಾಲಾಗಿ ಒಡೆದು, ದೂರದರ್ಶಕದ ಮಾತು ಮೇಲಿನ ಸಾಲಿಗೆ ಸೇರಿತು. ಕೆಳಗಿನ ಸಾಲು ತಾನೇ ಒಂದು ಪೂರ್ಣ ವಾಕ್ಯವೆಂಬಂತೆ ಓದಿಸಿಕೊಂಡಿತು. ಮೇಲಿನ ಸಾಲು ಬಿದ್ದುಹೋಯಿತು, ವರ್ಷವೂ ಬಿದ್ದುಹೋಯಿತು, ತಾರೀಖು ಮಾತ್ರ ಉಳಿಯಿತು. ಅಂದು ಆ ಇಮೇಲ್ ಓದಿದವರ ಮಕ್ಕಳು ಇಂದು ಅದನ್ನೇ ಫಾರ್ವರ್ಡ್ ಮಾಡುತ್ತಿದ್ದಾರೆ.

2025ರ ಜುಲೈಯಲ್ಲಿ ಇದಕ್ಕಿಂತ ಸ್ವಾರಸ್ಯಕರವಾದದ್ದೊಂದು ನಡೆಯಿತು. ಆಗಸ್ಟ್ 2ರಂದು ಇಡೀ ಜಗತ್ತು ಆರು ನಿಮಿಷ ಕತ್ತಲಲ್ಲಿ ಮುಳುಗಲಿದೆ ಎಂಬ ಸಂದೇಶ ನಮ್ಮ ಶಿಕ್ಷಕರ ಗುಂಪಿಗೂ ಬಂತು. ಆಗಸ್ಟ್ 2ರ ಗ್ರಹಣ ಇರುವುದು ನಿಜ, ಆದರೆ ಅದು 2027ರಲ್ಲಿ. ಆರು ನಿಮಿಷವೂ ನಿಜ, ಈಜಿಪ್ಟಿನ ಲಕ್ಸರ್ ಆಸುಪಾಸಿನಲ್ಲಿ ಪೂರ್ಣ ಗ್ರಹಣ 6 ನಿಮಿಷ 23 ಸೆಕೆಂಡ್ ಇರಲಿದೆ. ಕತ್ತಲಾಗುವುದು ಸ್ಪೇನಿನ ದಕ್ಷಿಣದಿಂದ ಉತ್ತರ ಆಫ್ರಿಕಾ, ಅರೇಬಿಯಾಗಳನ್ನು ಹಾದುಹೋಗುವ ಒಂದು ಪಟ್ಟಿಯಲ್ಲಿ ಮಾತ್ರ. ಸಂದೇಶದ ಕೆಳಗೆ ನಮ್ಮವರ ಪ್ರತಿಕ್ರಿಯೆಗಳು ಶುರುವಾದವು. ಗ್ರಹಣದ ಹೊತ್ತಿನಲ್ಲಿ ಊಟ ಮಾಡಬಹುದೇ, ಗರ್ಭಿಣಿಯರು ಹೊರಗೆ ಬರಬಹುದೇ ಎಂದು ಕೆಲವರು; ಇಷ್ಟು ಓದಿಯೂ ಮೌಢ್ಯ ಬಿಡಲಿಲ್ಲವಲ್ಲ ಎಂದು ಇನ್ನು ಕೆಲವರು. ರಾತ್ರಿ ಹನ್ನೊಂದರವರೆಗೂ ಎರಡು ಬಣಗಳ ಜಗಳ ನಡೆಯಿತು. ವೈಚಾರಿಕರೂ ಆಸ್ತಿಕರೂ ಒಮ್ಮತದಿಂದ ನಂಬಿದ್ದ ಸಂಗತಿ ಒಂದೇ: ಆ ದಿನ ಗ್ರಹಣವಿದೆ ಎಂಬುದು.

ಅದನ್ನು ಪರೀಕ್ಷಿಸಲು ನಾಸಾದ ಜಾಲತಾಣಕ್ಕೆ ಹೋಗಬೇಕಾಗಿರಲಿಲ್ಲ. ಸೂರ್ಯಗ್ರಹಣ ಅಮಾವಾಸ್ಯೆಯಂದು ಬಿಟ್ಟು ಬೇರೆ ದಿನ ಆಗುವುದಿಲ್ಲ. ಇದು ಪಠ್ಯಪುಸ್ತಕದಲ್ಲೂ ಇದೆ, ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಆ ವರ್ಷ ನಮ್ಮ ಕರಾವಳಿಯವರು ಕಹಿ ಕಷಾಯ ಕುಡಿಯುವ ಆಟಿ ಅಮಾವಾಸ್ಯೆ ಜುಲೈ 24ಕ್ಕೇ ಮುಗಿದಿತ್ತು. ಬೆಳಗಿನ ಜಾವ ಹಾಲೆ ಮರದ ತೊಗಟೆಯ ಕಷಾಯ ಕುಡಿದು, ಬಾಯಿಯ ಕಹಿ ಹೋಗಲೆಂದು ಬೆಲ್ಲ ಚೀಪಿದವರೇ ನಮ್ಮ ಗುಂಪಿನಲ್ಲಿ ಅರ್ಧದಷ್ಟಿದ್ದರು. ಅದಾಗಿ ಒಂಬತ್ತು ದಿನಕ್ಕೆ ಸೂರ್ಯಗ್ರಹಣ ಎಲ್ಲಿಂದ ಬರಬೇಕು? ಆಗಸ್ಟ್ 2ರ ಸಂಜೆ ಅಂಗಳಕ್ಕೆ ಬಂದು ತಲೆ ಎತ್ತಿದ್ದರೆ, ಮೋಡ ಬಿಟ್ಟುಕೊಟ್ಟಲ್ಲಿ, ಅರ್ಧ ಚಂದ್ರ ಕಾಣುತ್ತಿದ್ದ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಸಾಕಾಗಿತ್ತು.

ಬೇರೆಯವರನ್ನು ಹೀಗಳೆಯುವ ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ಚಂದ್ರನ ಮೇಲಿಳಿದಾಗ ಶಾಲೆಯ ಸಭಾಂಗಣದಲ್ಲಿ ಮಕ್ಕಳೊಂದಿಗೆ ನಾನೂ ಕುಣಿದಿದ್ದೆ. ಅದೇ ರಾತ್ರಿ, ಚಂದ್ರನ ಮಣ್ಣಿನಲ್ಲಿ ಅಶೋಕ ಸ್ತಂಭದ ಸಿಂಹಗಳೂ ಇಸ್ರೋ ಲಾಂಛನವೂ ಅಚ್ಚೊತ್ತಿದಂತಿದ್ದ ಚಿತ್ರವೊಂದು ಬಂತು. ಕಣ್ಣು ತುಂಬಿ ಬಂದು ಮೂರು ಗುಂಪುಗಳಿಗೆ ಕಳುಹಿಸಿದೆ. ಆ ಗುರುತು ಮೂಡಿಸಬೇಕಾದ ರೋವರ್, ಅಂದರೆ ಲ್ಯಾಂಡರಿನೊಳಗಿದ್ದ ಪುಟ್ಟ ಗಾಡಿ, ಕೆಳಗಿಳಿದ ಸುದ್ದಿಯನ್ನು ಇಸ್ರೋ ತಿಳಿಸಿದ್ದೇ ಮರುದಿನ ಬೆಳಿಗ್ಗೆ. ಚಕ್ರ ನೆಲ ಮುಟ್ಟುವ ಮೊದಲೇ ಅದರ ಗುರುತಿನ ಚಿತ್ರ ನನ್ನ ಕೈಯಲ್ಲಿತ್ತು! ಬಾಹ್ಯಾಕಾಶದ ಉತ್ಸಾಹಿಯೊಬ್ಬರು ಕಂಪ್ಯೂಟರಿನಲ್ಲಿ ರಚಿಸಿದ್ದ ಕಲ್ಪನಾಚಿತ್ರವದು. ಅವರು ಮೋಸ ಮಾಡಲಿಲ್ಲ, ಅದು ಕಲ್ಪನೆ ಎಂಬ ಮಾತನ್ನು ದಾರಿಯಲ್ಲಿ ಉದುರಿಸಿಕೊಂಡವರು ನನ್ನಂಥವರು. ರೋವರಿನ ಹಿಂದಿನ ಚಕ್ರಗಳಲ್ಲಿ ಲಾಂಛನಗಳು ಇದ್ದುದು ನಿಜ, ಆದರೆ ಮಣ್ಣು ಗಂಟುಗಂಟಾಗಿದ್ದರಿಂದ ಗುರುತು ಸ್ಪಷ್ಟವಾಗಿ ಮೂಡಲಿಲ್ಲ. ಚಂದ್ರನ ಆ ಭಾಗದ ಮಣ್ಣು ನಾವೆಣಿಸಿದಂತಿಲ್ಲ ಎಂಬ ನಿಜವಾದ ವಿಜ್ಞಾನ ಅಲ್ಲೇ ಇತ್ತು. ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ಇವೆಲ್ಲ ನಕ್ಕು ಮರೆಯುವ ಪ್ರಸಂಗಗಳು. 2018ರಲ್ಲಿ ನಡೆದದ್ದು ಹಾಗಲ್ಲ. ಮಕ್ಕಳ ಕಳ್ಳರ ವದಂತಿ ಹಬ್ಬಿದ್ದ ಆ ದಿನಗಳಲ್ಲಿ, ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಬೆಂಗಳೂರಿನಲ್ಲೂ ಹರಿದಾಡಿತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಮಾಡಿದ್ದ ಕಿರುಚಿತ್ರ. ಕೊನೆಗೆ ಆ ಇಬ್ಬರೂ ಮಗುವನ್ನು ಹಿಂದಕ್ಕೆ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಹಂಚಿದವರು ಆ ಕೊನೆಯನ್ನೇ ಕತ್ತರಿಸಿದ್ದರು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರನ್ನು ಜನ ಹೊಡೆದು ಕೊಂದರು. ಆ ಬಳಿಕವೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಹಲವು ಬಾರಿ ದಾಟಿ ಬಂದ ಸಂದೇಶಗಳಿಗೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಎರಡು ಬಾಣದ ಗುರುತು ಕಂಡರೆ ಸಂದೇಶ ಬಹಳ ಕೈ ದಾಟಿದೆ ಎಂದು ತಿಳಿಯುತ್ತದೆ. ಆದರೆ ಯಾವ ವರ್ಷದ್ದು ಎಂದು ತಿಳಿಯುವುದಿಲ್ಲ. ಚಿತ್ರದ ಪಕ್ಕದಲ್ಲಿ ಕಾಣುವುದು ಅದು ನಮಗೆ ತಲುಪಿದ ಹೊತ್ತು. ಹತ್ತು ವರ್ಷ ಹಳೆಯ ಚಿತ್ರದ ಮೇಲೂ ‘ಇಂದು’ ಎಂದೇ ಇರುತ್ತದೆ.

ಇಷ್ಟು ಬರೆದದ್ದು ತಮ್ಮ ಮುಂದೆ ಒಂದು ಕೋರಿಕೆ ಇಡುವುದಕ್ಕಾಗಿ. ಪತ್ರಿಕೆಯ ಪುಟದಲ್ಲಿ ದಿನಾಂಕ ಇರುವುದು ಮೇಲಂಚಿನಲ್ಲಿ ಮಾತ್ರ. ಓದುಗ ಪುಟದ ನಡುವಿನ ಸುದ್ದಿಯೊಂದರ ಫೋಟೊ ತೆಗೆದ ಕೂಡಲೇ ಅದು ದಿನಾಂಕವಿಲ್ಲದ ಸುದ್ದಿಯಾಗುತ್ತದೆ. ಒಳಗೆ ನೋಡಿದರೆ ‘ಬೆಂಗಳೂರು:’ ಎಂದು ಊರಿನ ಹೆಸರು, ‘ಬುಧವಾರ ತಿಳಿಸಿದರು’ ಎಂದು ವಾರದ ಹೆಸರು. ಬುಧವಾರ ಪ್ರತಿ ವಾರವೂ ಬರುತ್ತದೆ. ಜಾಲತಾಣ ಮತ್ತು ಇನ್‌ಸ್ಟಾಗ್ರಾಂಗಾಗಿ ತಾವು ಮಾಡುವ ಚಿತ್ರ ಕಾರ್ಡುಗಳಲ್ಲಿ ಪತ್ರಿಕೆಯ ಲಾಂಛನ ದೊಡ್ಡದಾಗಿಯೇ ಇದೆ, ದಿನಾಂಕಕ್ಕೆ ಮಾತ್ರ ಜಾಗವಿಲ್ಲ. ರಜೆ, ಹವಾಮಾನ, ಆರೋಗ್ಯ, ಗ್ರಹಣಗಳ ಸುದ್ದಿಗಳಲ್ಲಾದರೂ ಸುದ್ದಿಯ ಕೊನೆಯ ಸಾಲಿನ ಪಕ್ಕದಲ್ಲಿ ದಿನ, ತಿಂಗಳು, ವರ್ಷ ಮೂರನ್ನೂ ಅಚ್ಚು ಮಾಡಬೇಕು. ಕಾರ್ಡುಗಳಲ್ಲಿ ಅದು ಕತ್ತರಿಸಿ ತೆಗೆಯಲಾಗದಂತೆ ತಲೆಬರಹದ ಜೊತೆಗೇ ಇರಬೇಕು. ಹಾಗೆಯೇ, ಮುಖಪುಟದಲ್ಲಿ ಬಂದ ತಪ್ಪಿನ ತಿದ್ದುಪಡಿಯನ್ನು ಒಳಪುಟದ ಮೂಲೆಗೆ ತಳ್ಳದೆ, ತಪ್ಪು ಕಾರ್ಡನ್ನು ಸದ್ದಿಲ್ಲದೆ ಅಳಿಸದೆ, ಅದೇ ಗಾತ್ರದಲ್ಲಿ ಸರಿಯಾದದ್ದನ್ನು ಮತ್ತೆ ಹಾಕಬೇಕು. ತಪ್ಪು ಕಾರ್ಡನ್ನು ಉಳಿಸಿಕೊಂಡವರ ಫೋನಿನಲ್ಲಿ ಅದು ಅಳಿಯುವುದಿಲ್ಲವಷ್ಟೆ.

ನಮ್ಮ ಶಾಲೆಯ ಗೋಡೆಪತ್ರಿಕೆಗೆ ಮಕ್ಕಳು ಪ್ರತಿ ವಾರ ವಿಜ್ಞಾನದ ಸುದ್ದಿಗಳನ್ನು ಕತ್ತರಿಸಿ ಅಂಟಿಸುತ್ತಾರೆ. ಆ ಗುರುವಾರದ ಬಳಿಕ, ದಿನಾಂಕವಿಲ್ಲದ ತುಣುಕನ್ನು ಅಂಟಿಸುವಂತಿಲ್ಲ ಎಂದು ನಿಯಮ ಮಾಡಿದ್ದೇವೆ. ಕಳೆದ ವಾರ ತಮ್ಮ ಪತ್ರಿಕೆಯ ಮೂರು ತುಣುಕುಗಳು ಬಂದಿದ್ದವು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಸದ ಬುಟ್ಟಿಯಿಂದ ಉಳಿದ ಪುಟವನ್ನು ಹುಡುಕಿ ತಂದು, ಮೇಲಂಚಿನ ತಾರೀಖು ನೋಡಿ, ಮೂರರ ಕೆಳಗೂ ಕೆಂಪು ಪೆನ್ನಿನಲ್ಲಿ ಬರೆದಳು.

ಇಂತಿ ತಮ್ಮ ವಿಶ್ವಾಸಿ,
ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಉಡುಪಿ ಜಿಲ್ಲೆ