ಮತಗಳ ಲೆಕ್ಕವೂ ಕೇಳುಗರಿಗೆ ತಿಳಿಯಲಿ

ಮಾನ್ಯ ಸಂಪಾದಕರೇ,

ವರ್ಷದ ಜನಪ್ರಿಯ ಹಾಡುಗಳನ್ನು ಕೇಳುಗರ ಮತದಿಂದ ಆರಿಸಿ, ಕೊನೆಯ ಸ್ಥಾನದಿಂದ ಮೊದಲನೆಯದರವರೆಗೆ ಪ್ರಸಾರ ಮಾಡುವ ರೇಡಿಯೊ ಕಾರ್ಯಕ್ರಮಗಳು ಇಂದಿಗೂ ಉಳಿದಿರುವುದು ಸಂತಸದ ಸಂಗತಿ. 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಆರಂಭವಾದ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ, ರೆಕಾರ್ಡುಗಳ ಮಾರಾಟದ ಜೊತೆಗೆ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಪರಿಗಣಿಸುತ್ತಿತ್ತು. ಆಸ್ಟ್ರೇಲಿಯಾದ ಟ್ರಿಪಲ್ ಜೆ ರೇಡಿಯೊ ಕೇಂದ್ರದ ‘ಹಾಟೆಸ್ಟ್ 100’ ಎಂಬ ವರ್ಷದ 100 ಹಾಡುಗಳ ಪಟ್ಟಿ ಕೇಳುಗರ ಮತವನ್ನೇ ನೆಚ್ಚಿದ್ದು, ಅಲ್ಲಿ ಒಬ್ಬರು 10 ಹಾಡುಗಳವರೆಗೆ ಆರಿಸಬಹುದು. ಈ ನಿಯಮ ನನಗೆ ಬಹಳ ಮುಖ್ಯವೆನಿಸುತ್ತದೆ. ಒಂದೇ ಮತವಿದ್ದಾಗ ಅದು ಸಾಮಾನ್ಯವಾಗಿ ಎಲ್ಲರ ಬಾಯಲ್ಲಿರುವ ಹಾಡಿಗೇ ಹೋಗುತ್ತದೆ. 10 ಮತಗಳಿದ್ದರೆ ಏಳನೆಯದೋ ಎಂಟನೆಯದೋ ಮತ, ತಡರಾತ್ರಿ ಒಮ್ಮೆ ಕೇಳಿ ಮನಸ್ಸಿನಲ್ಲಿ ಉಳಿದ ಹೊಸ ಗಾಯಕಿಯ ಹಾಡಿಗೂ ಸಿಗುತ್ತದೆ. ಇಂಥ ಹಾಡುಗಳಿಗೆ ಜಾಗ ಸಿಗುವ 60ರಿಂದ 90ರವರೆಗಿನ ಸ್ಥಾನಗಳನ್ನೇ ನಾನು ಹೆಚ್ಚು ಆಸಕ್ತಿಯಿಂದ ಕೇಳುತ್ತೇನೆ.

ಆದರೆ ಸಂಘಟಿತ ಪ್ರಚಾರ ಈ ಮತದಾನವನ್ನು ಸುಲಭವಾಗಿ ವಾಲಿಸಬಲ್ಲದು. 2015ರ ಜನವರಿಯಲ್ಲಿ, ಅಂತರ್ಜಾಲದ ಅಭಿಯಾನವೊಂದರ ನಂತರ, ಟೇಲರ್ ಸ್ವಿಫ್ಟ್ ಅವರ ಹಾಡೊಂದನ್ನು ಟ್ರಿಪಲ್ ಜೆ ಸ್ಪರ್ಧೆಯಿಂದ ಕೈಬಿಟ್ಟಿತ್ತು. ಹಾಗೆ ಕೈಬಿಡುವುದು ಸರಿಯಿರಬಹುದು, ಆದರೆ ಯಾವ ಬಗೆಯ ಪ್ರಚಾರ ಸಲ್ಲದು ಎಂಬುದನ್ನು ಮತದಾನಕ್ಕೆ ಮೊದಲೇ ಸ್ಪಷ್ಟಪಡಿಸದಿದ್ದರೆ, ಪ್ರಾಮಾಣಿಕವಾಗಿ ಮತ ಹಾಕಿದವರಿಗೂ ಅನ್ಯಾಯವಾಗುತ್ತದೆ. ಇಂಥ ಕಾರ್ಯಕ್ರಮ ನಡೆಸುವ ಎಲ್ಲ ಕೇಂದ್ರಗಳೂ ನಿಯಮಗಳನ್ನು ಮುಂಚಿತವಾಗಿ ಪ್ರಕಟಿಸಲಿ. ಪ್ರಸಾರ ಮುಗಿದ ಮೇಲೆ ಪ್ರತಿ ಹಾಡಿಗೂ ಬಂದ ಮತಗಳ ಸಂಖ್ಯೆಯನ್ನು ತಿಳಿಸಲಿ.

– ಒಬ್ಬ ರೇಡಿಯೊ ಕೇಳುಗ