ಜಾಂಬಿಯಾ ಯಾರ ಕಡೆ ಎಂದು ಕೇಳುವ ಮೊದಲು

ಮಾನ್ಯ ಸಂಪಾದಕರೇ,

ಆಫ್ರಿಕಾದ ಯಾವ ದೇಶದ ವಿದೇಶಾಂಗ ನೀತಿಯ ಮಾತು ಬಂದರೂ ನಮ್ಮ ಪತ್ರಿಕೆಗಳು ‘ಚೀನಾ ಕಡೆಯೋ, ಅಮೆರಿಕದ ಕಡೆಯೋ’ ಎಂಬ ಒಂದೇ ಪ್ರಶ್ನೆಗೆ ಜೋತುಬೀಳುತ್ತವೆ. ಜಾಂಬಿಯಾದ ಮಟ್ಟಿಗಂತೂ ಇದರಿಂದ ಏನೂ ತಿಳಿಯುವುದಿಲ್ಲ. ಅಲ್ಲಿ ನೋಡಬೇಕಾದದ್ದು ಸಾಲದ ಕರಾರುಗಳನ್ನು, ರೈಲು ಹಳಿಗಳನ್ನು.

2020ರ ಅಕ್ಟೋಬರ್‌ನಲ್ಲಿ ಜಾಂಬಿಯಾ ಕಟ್ಟಬೇಕಿದ್ದ ಬಡ್ಡಿ 4.25 ಕೋಟಿ ಡಾಲರ್. 100 ಕೋಟಿ ಡಾಲರ್ ಬಾಂಡ್ (ಹೂಡಿಕೆದಾರರಿಂದ ಹಣ ಪಡೆದು ಕೊಟ್ಟ ಸಾಲಪತ್ರ) ಮೇಲೆ ಶೇ 8.5ರಂತೆ ಅರ್ಧ ವರ್ಷದ ಬಾಬ್ತು ಅದು. ಸರ್ಕಾರ ಆರು ತಿಂಗಳು ವಾಯಿದೆ ಕೇಳಿತು. ಬಾಂಡ್ ಹೊಂದಿದವರು ಒಪ್ಪಲಿಲ್ಲ. ತಾವು ಬಿಟ್ಟುಕೊಟ್ಟ ಹಣ ಚೀನಾದ ಬ್ಯಾಂಕುಗಳ ಬಾಕಿಗೆ ಹೋದೀತು ಎಂಬುದು ಅವರ ಗುಮಾನಿ. ನವೆಂಬರ್ 13ಕ್ಕೆ 30 ದಿನಗಳ ಹೆಚ್ಚುವರಿ ಅವಧಿಯೂ ಮುಗಿದು, ಕೊರೊನಾ ಕಾಲದಲ್ಲಿ ಸಾಲ ಕಟ್ಟಲಾಗದೆ ಸುಸ್ತಿಯಾದ ಆಫ್ರಿಕಾದ ಮೊದಲ ದೇಶ ಎಂಬ ಹೆಸರು ಅದಕ್ಕೆ ಬಂತು.

ಮುಂದಿನದು ಜಿ20 ದೇಶಗಳ ‘ಕಾಮನ್ ಫ್ರೇಮ್‌ವರ್ಕ್’ ದಾರಿ, ಅಂದರೆ ಬಡ ದೇಶದ ಸಾಲವನ್ನು ಸಾಲ ಕೊಟ್ಟವರೆಲ್ಲ ಸೇರಿ ಸಡಿಲಿಸುವ ವ್ಯವಸ್ಥೆ. ಎಷ್ಟು ಸಾಲವನ್ನು ದೇಶ ಹೊರಬಲ್ಲದು ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಮೊದಲು ಲೆಕ್ಕ ಹಾಕುತ್ತದೆ. ಸಾಲ ಕೊಟ್ಟ ಸರ್ಕಾರಗಳು ‘ಅಷ್ಟರ ಮಟ್ಟಿಗೆ ಸಡಿಲಿಸುತ್ತೇವೆ’ ಎಂದು ಭರವಸೆ ಕೊಟ್ಟ ಮೇಲೆ ಐಎಂಎಫ್ ಹಣ ಮಂಜೂರಾಗುತ್ತದೆ. ಒಪ್ಪಂದ ಆಮೇಲೆ. ಖಾಸಗಿ ಸಾಲಿಗರ, ಅಂದರೆ ಬಾಂಡ್‌ದಾರರಂತೆ ಸಾಲ ಕೊಟ್ಟ ಖಾಸಗಿಯವರ ಸರದಿ ಎಲ್ಲಕ್ಕಿಂತ ಕೊನೆಗೆ. ಜಾಂಬಿಯಾಗೆ 2022ರ ಆಗಸ್ಟ್‌ನಲ್ಲಿ 130 ಕೋಟಿ ಡಾಲರ್ ಮಂಜೂರಾಯಿತು. ಚೀನಾ ಮತ್ತು ಫ್ರಾನ್ಸ್ ಜಂಟಿಯಾಗಿ ನಡೆಸಿದ ಸಾಲಿಗರ ಸಮಿತಿ ಸುಮಾರು 630 ಕೋಟಿ ಡಾಲರ್ ಸಾಲದ ಬಗ್ಗೆ ಒಪ್ಪಿದ್ದು 2023ರ ಜೂನ್‌ನಲ್ಲಿ, ಪ್ಯಾರಿಸ್‌ನಲ್ಲಿ. ಮರುಪಾವತಿ 2043ರವರೆಗೆ, 2037ರ ತನಕ ಬಡ್ಡಿ ಶೇ 1.

ಕಗ್ಗಂಟಾದದ್ದು ಆಮೇಲೆ. ಸರ್ಕಾರಗಳು ಬಿಟ್ಟಷ್ಟನ್ನು ಖಾಸಗಿಯವರೂ ಬಿಡಬೇಕು ಎಂಬುದು ಈ ವ್ಯವಸ್ಥೆಯ ನಿಯಮ. ಆದರೆ ‘ಅಷ್ಟೇ’ ಎಂಬುದನ್ನು ಅಳೆಯುವುದು ಹೇಗೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದು ಸೂತ್ರ ಇರಲಿಲ್ಲ. ಬಾಂಡ್‌ದಾರರ ಜೊತೆ ಆದ ಒಪ್ಪಂದವನ್ನು 2023ರ ನವೆಂಬರ್‌ನಲ್ಲಿ ಸರ್ಕಾರಿ ಸಾಲಿಗರೇ ತಳ್ಳಿಹಾಕಿದರು. ಬಾಂಡ್‌ದಾರರು ಸುಮಾರು 84 ಕೋಟಿ ಡಾಲರ್ ಬಿಟ್ಟುಕೊಟ್ಟು ಹೊಸ ಬಾಂಡ್ ಪಡೆದಾಗ 2024ರ ಜೂನ್. ಸುಸ್ತಿಯಾಗಿ ಮೂರೂವರೆ ವರ್ಷ ದಾಟಿತ್ತು.

ಇದೇ ಅವಧಿಯ ರಾಜತಾಂತ್ರಿಕ ಓಡಾಟ ನೋಡಿ. 2022ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ರಷ್ಯಾದ ದಾಳಿ ಖಂಡಿಸುವ ನಿರ್ಣಯಕ್ಕೆ ಜಾಂಬಿಯಾದ ಮತ. 2023ರ ಮಾರ್ಚ್‌ನಲ್ಲಿ ಅಮೆರಿಕದ ಜೊತೆ ಪ್ರಜಾಪ್ರಭುತ್ವ ಶೃಂಗಸಭೆಯ ಸಹ ಆತಿಥ್ಯ. ಜೂನ್‌ನಲ್ಲಿ ಅಧ್ಯಕ್ಷ ಹಕೈಂಡೆ ಹಿಚಿಲೆಮಾ ಆಫ್ರಿಕಾದ ಶಾಂತಿ ನಿಯೋಗದಲ್ಲಿ ಕೀವ್‌ಗೂ ಸೇಂಟ್ ಪೀಟರ್ಸ್‌ಬರ್ಗ್‌ಗೂ ಹೋದರು, ಅದಾಗಿ ಒಂದು ವಾರದೊಳಗೆ ಪ್ಯಾರಿಸ್‌ನ ಸಾಲದ ಒಪ್ಪಂದ. ಸೆಪ್ಟೆಂಬರ್‌ನಲ್ಲಿ ಬೀಜಿಂಗ್. ಇದನ್ನು ಗೊಂದಲ ಎನ್ನುವವರಿದ್ದಾರೆ. ಒಬ್ಬೊಬ್ಬ ಸಾಲಿಗನೂ ಇನ್ನೊಬ್ಬನ ಸಹಿ ಕಾಯುತ್ತಿರುವಾಗ ಯಾರ ಮನೆ ಬಾಗಿಲನ್ನೂ ತಪ್ಪಿಸುವಂತಿಲ್ಲ, ಅಷ್ಟೇ. 1970ರಲ್ಲಿ ಅಲಿಪ್ತ ರಾಷ್ಟ್ರಗಳ ಶೃಂಗಸಭೆ ನಡೆಸಿದ ಜಾಂಬಿಯಾದ ರಾಜಧಾನಿ ಲುಸಾಕಾಗೆ ಇದು ಹೊಸ ಕಸುಬೂ ಅಲ್ಲ.

ರೈಲಿನಲ್ಲೂ ಅದೇ ಲೆಕ್ಕಾಚಾರ. ಭೂಪರಿವೇಷ್ಟಿತ ದೇಶ, ತಾಮ್ರ ಹೊರಹೋಗಲು ಪಕ್ಕದವರ ಬಂದರೇ ಗತಿ. ಜಾಂಬಿಯಾದ ಕಪಿರಿ ಎಂಪೋಶಿಯಿಂದ ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಹೋಗುವ 1,860 ಕಿ.ಮೀ. ‘ತಜಾರಾ’ ಮಾರ್ಗವನ್ನು 1970ರ ದಶಕದಲ್ಲಿ ಕಟ್ಟಿಕೊಟ್ಟದ್ದು ಚೀನಾ. ಅದರ ದುರಸ್ತಿಗೆ ಚೀನಾ ಕಂಪನಿಯೊಂದರ ಜೊತೆ 140 ಕೋಟಿ ಡಾಲರ್ ಒಪ್ಪಂದವಾಗಿದೆ. ಅತ್ತ ಪಶ್ಚಿಮಕ್ಕೆ, ಅಂಗೋಲಾದ ಲೊಬಿಟೊ ಬಂದರಿನ ಮಾರ್ಗಕ್ಕೆ ಅಮೆರಿಕ ಮತ್ತು ಐರೋಪ್ಯ ಒಕ್ಕೂಟದ ಬೆಂಬಲವಿದ್ದು, 2023ರ ಅಕ್ಟೋಬರ್‌ನಲ್ಲಿ ಅದರ ಒಪ್ಪಂದಕ್ಕೆ ಸಹಿಯಾಗಿದೆ. ಎರಡರ ಗೇಜ್ (ಹಳಿಗಳ ನಡುವಿನ ಅಂತರ) ಕೂಡ 1,067 ಮಿ.ಮೀ. ಅಂದರೆ ಹಳಿ ಜೋಡಿಸಿದ ದಿನ ಒಂದೇ ವ್ಯಾಗನ್ ಪೂರ್ವಕ್ಕೂ ಹೋಗಬಹುದು, ಪಶ್ಚಿಮಕ್ಕೂ. ಆದರೆ ಜಾಂಬಿಯಾವನ್ನು ಅಂಗೋಲಾಗೆ ನೇರವಾಗಿ ಕೂಡಿಸಲು ಸುಮಾರು 800 ಕಿ.ಮೀ. ಹೊಸ ಹಳಿ ಹಾಕಬೇಕು. ಅಲ್ಲಿಯವರೆಗೆ ಹೆಚ್ಚಿನ ತಾಮ್ರ ಹೋಗುವುದು ಲಾರಿಯಲ್ಲೇ.