ಅಂಗಡಿ ವೈಫೈ, ನೆಟ್ ದೂರು: ಎಲ್ಲರೂ ಓದ್ರಿ

ಎಲ್ಲರಿಗೂ ಶರಣು. ಚಿತ್ತಾಪುರ, ಸೇಡಂ ಕಡೆಯ ಕಿರಾಣಿ, ಝೆರಾಕ್ಸ್ ಅಂಗಡಿಯವರು ಇದನ್ನ ಪೂರ್ತಿ ಓದ್ರಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಅಂಗಡಿಯಲ್ಲೇ ವೈಫೈ ಇಟ್ಟು ಸಣ್ಣ ಡೇಟಾ ಪ್ಯಾಕ್ ಮಾರಬಹುದು. ಲೈಸೆನ್ಸ್ ಬೇಕಿಲ್ಲ. ತೊಗರಿ ದರ ನೋಡೋರು, ಪರೀಕ್ಷೆ ಅರ್ಜಿ ತುಂಬೋ ಹುಡುಗರು ಇದ್ದೇ ಇರ್ತಾರ.

ತೊಡಕಾಗಿದ್ದು ಲೈನಿನ ದರ. ಅಂಗಡಿಗೆ ದುಬಾರಿ ಲೀಸ್ಡ್ ಲೈನೇ (ಒಬ್ಬರಿಗಷ್ಟೇ ಮೀಸಲಿಟ್ಟ ನೆಟ್ ಲೈನ್) ಬೇಕು ಅಂತ ಕಂಪನಿಗಳು ಪಟ್ಟು ಹಿಡೀತಿದ್ದವು. 2025ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಇದಕ್ಕೆ ಕಡಿವಾಣ ಹಾಕಿತು: 200 ಎಂಬಿಪಿಎಸ್ ವೇಗದವರೆಗಿನ ಮನೆ ಫೈಬರ್ ಪ್ಲಾನನ್ನು ಇಂಥ ಅಂಗಡಿಗೆ ಕೊಡುವಾಗ ಮನೆ ದರದ ಎರಡು ಪಟ್ಟು ಮೀರುವಂತಿಲ್ಲ. ದುಪ್ಪಟ್ಟೂ ಕಡಿಮೆಯೇನಲ್ಲ ಬಿಡ್ರಿ. ಆದರೂ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಗಿಟ್ಟೀತು.

ನೆಟ್ ಹೋದಾಗ ಲೈನ್‌ಮ್ಯಾನ್‌ಗೆ ಫೋನ್ ಮಾಡಿ ಸುಮ್ಮನಾಗಬ್ಯಾಡ್ರಿ. ಕಸ್ಟಮರ್ ಕೇರ್‌ನಲ್ಲಿ ದೂರು ಬರೆಸಿ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಇಸ್ಕೊಳ್ರಿ. ಸರಿಹೋಗದಿದ್ದರೆ ಅದೇ ನಂಬರ್ ಕೊಟ್ಟು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಪುಕ್ಕಟೆ. 39 ದಿನದೊಳಗೆ ತೀರ್ಮಾನ ಹೇಳಬೇಕು.

‘ಸಿಮ್ ಬಂದ್ ಆಗ್ತದ’ ಅಂತ ಫೋನ್ ಬಂದರೆ ಓಟಿಪಿ ಹೇಳಬ್ಯಾಡ್ರಿ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಹಚ್ರಿ.

ವೈಫೈ ಇಡೋ ಮನಸ್ಸಿದ್ದ ಅಂಗಡಿಯವರು ಭಾನುವಾರದೊಳಗೆ ಇಲ್ಲೇ ತಿಳಿಸ್ರಿ.